ಓದಲೊಲ್ಲದ ಹುಡುಗನಿಗೆ ನಗೆಗತೆ: ಮಾಡಬೇಕಾದ್ದು, ಮಾಡಬಾರದ್ದು

ಐದರಿಂದ ಎಂಟನೇ ತರಗತಿಯ ಹುಡುಗರಿಗೆ ಪಾಠ ಮಾಡುವ ಮೇಷ್ಟ್ರು, ಮೇಡಂ, ಅವರ ಅಪ್ಪ ಅಮ್ಮ, ಊರಿನ ಗ್ರಂಥಾಲಯ ನೋಡಿಕೊಳ್ಳುವವರು, ಎಲ್ಲರಿಗೂ ಈ ಸೂಚನೆ. ಪುಸ್ತಕ ಕಂಡರೆ ಮುಖ ತಿರುಗಿಸುವ ಹುಡುಗನನ್ನು ಚಿಕ್ಕ ಚಿಕ್ಕ ನಗೆಗತೆಗಳಿಂದ ಓದಿಗೆ ಒಲಿಸಬಹುದು. ಇದು ಬಹಳ ಜನಕ್ಕೆ ಗೊತ್ತಿರುವುದೇ. ಆದರೆ ಕಥೆ ಕೊಟ್ಟ ಕೈಯಲ್ಲೇ ಅದನ್ನು ಕೆಡಿಸುವುದೂ ನಡೆದೇ ಇದೆ. ಅದಕ್ಕೇ ಇಲ್ಲಿ ಬೇಡಗಳು ಮೊದಲು, ಬೇಕುಗಳು ಆಮೇಲೆ.

ಹುಡುಗರು ಓದಿನಲ್ಲಿ ಹಿಂದೆ ಬೀಳುವುದು ನಿಮ್ಮ ಶಾಲೆಗೋ ನಿಮ್ಮ ಮನೆಗೋ ಮಾತ್ರ ಬಂದ ಅವಮಾನವಲ್ಲ. ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಯುವ ಪೀಸಾ ಪರೀಕ್ಷೆಯ 2018ರ ಸುತ್ತಿನಲ್ಲಿ, ಭಾಗವಹಿಸಿದ ಪ್ರತಿಯೊಂದು ದೇಶದಲ್ಲೂ ಓದಿನಲ್ಲಿ ಹುಡುಗಿಯರೇ ಮುಂದಿದ್ದರು. ಆ ಪರೀಕ್ಷೆ ನಡೆಸುವ ಒಇಸಿಡಿ ಸಂಸ್ಥೆಯ ಸದಸ್ಯ ದೇಶಗಳಲ್ಲಿ ಸರಾಸರಿ ಅಂತರ 30 ಅಂಕ. ಭಾರತ ಆ ಸುತ್ತಿನಲ್ಲಿ ಇರಲಿಲ್ಲ. ಅಮೆರಿಕದಲ್ಲಿ ಮೇಷ್ಟ್ರಾಗಿದ್ದು ಮಕ್ಕಳ ಲೇಖಕರಾದ ಜಾನ್ ಶೆಸ್ಕಾ ಹುಡುಗರ ಓದಿಗೆಂದೇ ‘ಗೈಸ್ ರೀಡ್’ ಎಂಬ ಕೆಲಸ ಶುರು ಮಾಡಿದರು. ಆ ಹೆಸರಿನಲ್ಲಿ ಅವರು ಸಂಪಾದಿಸಿದ ಕಥಾಮಾಲೆಯ ಮೊದಲ ಸಂಕಲನ 2010ರಲ್ಲಿ ಬಂತು. ಅದರ ತುಂಬ ಇದ್ದದ್ದು ನಗೆಗತೆಗಳು. ಸಾಹಸವನ್ನೋ ಆಟೋಟವನ್ನೋ ಅಲ್ಲ, ನಗುವನ್ನೇ ಅವರು ಮೊದಲಿಗಿಟ್ಟರು. ಅದು ಸರಿಯಾದ ಆಯ್ಕೆ.

ಏಕೆಂದರೆ ಸರಿಯಾದ ಜಾಗದಲ್ಲಿ ನಕ್ಕ ಹುಡುಗ ಕಥೆಯನ್ನು ಅರ್ಥ ಮಾಡಿಕೊಂಡಿರುತ್ತಾನೆ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ತೆಗೆದುಕೊಳ್ಳಿ. ರಾಯರ ಆಸ್ಥಾನದಲ್ಲಿ ಹಾಲಿನ ಬಟ್ಟಲು ಕಂಡ ಕೂಡಲೇ ಆ ಬೆಕ್ಕು ಓಟ ಕೀಳುತ್ತದೆ. ಅಲ್ಲಿ ನಗು ಬರಬೇಕಾದರೆ, ಮೊದಲ ದಿನ ಅದಕ್ಕೆ ಕುದಿಯುವ ಹಾಲಿಟ್ಟದ್ದು ನೆನಪಿರಬೇಕು. ಬೆಕ್ಕಿಗೆಂದು ಕೊಟ್ಟ ಹಸುವಿನ ಹಾಲು ಇಷ್ಟು ದಿನ ಯಾರ ಹೊಟ್ಟೆಗೆ ಹೋಯಿತು ಎಂದು ಊಹಿಸಬೇಕು. ಕೃಷ್ಣದೇವರಾಯನಿಗೆ ತಿಳಿಯದ್ದು ನನಗೆ ತಿಳಿದಿದೆ ಎಂಬ ಹಿಗ್ಗೂ ಮೂಡಬೇಕು. ಹೇಳಿದ್ದನ್ನು ಹಿಡಿದುಕೊಂಡು ಹೇಳದೇ ಬಿಟ್ಟದ್ದನ್ನು ಕಾಣುವ ಈ ಕೆಲಸವನ್ನೇ ಹತ್ತನೇ ತರಗತಿಯ ಕಷ್ಟದ ಪಾಠವೂ ಕೇಳುವುದು. ಹುಡುಗ ಅದನ್ನು ಪರೀಕ್ಷೆಯ ಭಯವಿಲ್ಲದೆ, ತಾನಾಗಿಯೇ ಮಾಡಿರುತ್ತಾನೆ. ನಗು ಓದಿನ ಬಾಗಿಲಲ್ಲಿ ಇಟ್ಟ ಆಮಿಷ ಎಂದುಕೊಂಡವರು ಈ ಕೆಲಸಕ್ಕೆ ಇಳಿಯುವುದು ಬೇಡ. ನಗುವೇ ಓದು.

ಮಾಡಬಾರದ್ದು

ಕಥೆ ಮುಗಿದ ಕೂಡಲೇ ‘ಇದರ ನೀತಿ ಏನು?’ ಎಂದು ಕೇಳಬೇಡಿ. ನಮ್ಮ ಶಾಲೆಗಳಲ್ಲಿ ನಗೆಗತೆಯನ್ನು ಕೊಲ್ಲುವ ಪ್ರಶ್ನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ನಕ್ಕ ಬಾಯಿ ಮುಚ್ಚುವುದರೊಳಗೆ ಈ ಪ್ರಶ್ನೆ ಬಿದ್ದರೆ ಹುಡುಗನಿಗೆ ತಿಳಿಯುವುದು ಇಷ್ಟೇ: ಇದೂ ಪಾಠವೇ, ಮುಂದಿನ ಸಲ ನಗುವುದಕ್ಕಿಂತ ಮೊದಲು ಉತ್ತರ ಹುಡುಕಿಟ್ಟುಕೊಳ್ಳಬೇಕು. ಕಠಿಣ ಪದಗಳ ಪಟ್ಟಿ, ಸಾರಾಂಶ, ‘ಪುಸ್ತಕ ಪರಿಚಯ ಬರೆದು ತಾ’, ಓದಿದ ಪುಟಗಳ ಲೆಕ್ಕ, ಅಂಕ, ಇವೆಲ್ಲ ಅದೇ ಸಾಲಿಗೆ ಸೇರಿದವು. ಒಂದೂ ಬೇಡ. ಫ್ರಾನ್ಸಿನಲ್ಲಿ ಮೇಷ್ಟ್ರಾಗಿದ್ದ ಕಾದಂಬರಿಕಾರ ಡೇನಿಯಲ್ ಪೆನಾಕ್ 1992ರ ತಮ್ಮ ಪುಸ್ತಕವೊಂದರಲ್ಲಿ ಓದುಗನಿಗೆ ಹತ್ತು ಹಕ್ಕುಗಳಿವೆ ಎಂದು ಬರೆದರು. ಪುಟ ಹಾರಿಸುವುದು, ಅರ್ಧಕ್ಕೆ ಬಿಡುವುದು, ಓದಿದ್ದನ್ನೇ ಮತ್ತೆ ಓದುವುದು, ಕೈಗೆ ಸಿಕ್ಕಿದ್ದನ್ನು ಓದುವುದು ಅವುಗಳಲ್ಲಿ ಕೆಲವು. ಕೊನೆಯದು, ಓದಿ ಸುಮ್ಮನಿರುವ ಹಕ್ಕು. ನಮ್ಮ ಹುಡುಗರಿಗೆ ಈ ಕೊನೆಯದು ಸಿಕ್ಕೇ ಇಲ್ಲ. ಓದಿದ್ದಕ್ಕೆಲ್ಲ ಲೆಕ್ಕ ಒಪ್ಪಿಸಿ ಒಪ್ಪಿಸಿ ಅವರು ದಣಿದಿದ್ದಾರೆ.

ಓದಲು ಹಿಂಜರಿಯುವವನನ್ನು ಎಲ್ಲರೆದುರು ನಿಲ್ಲಿಸಿ ಗಟ್ಟಿಯಾಗಿ ಓದಿಸಬೇಡಿ. ನಗೆಗತೆಯ ವಿಷಯದಲ್ಲಂತೂ ಇದು ಎರಡು ಪಟ್ಟು ತಪ್ಪು. ಹಾಸ್ಯ ನಿಲ್ಲುವುದು ಮಾತಿನ ಓಟದ ಮೇಲೆ. ಒತ್ತಕ್ಷರ ಬಂದಲ್ಲೆಲ್ಲ ತಡವರಿಸುವ ಹುಡುಗನ ಬಾಯಲ್ಲಿ ಆ ಓಟ ಸಿಗುವುದಿಲ್ಲ. ಆಗ ಕಥೆಗೆ ಬರಬೇಕಾದ ನಗು ಅವನ ಮೇಲೆ ಬೀಳುತ್ತದೆ. ಒಮ್ಮೆ ಹಾಗೆ ನಗೆಗೀಡಾದವನು ಮುಂದೆ ಪುಸ್ತಕ ಮುಟ್ಟುವುದು ಬಹಳ ಕಷ್ಟ. ಅವನಾಗಿಯೇ ‘ಸಾರ್, ನಾನು ಓದ್ತೀನಿ’ ಎಂದು ಕೈ ಎತ್ತಿದ ದಿನ ಓದಲಿ.

ಹಾಸ್ಯವನ್ನು ಬಿಡಿಸಿ ಹೇಳಬೇಡಿ. ನಗದವನನ್ನು ‘ಯಾಕೋ ನಗಲಿಲ್ಲ, ಅರ್ಥ ಆಗಲಿಲ್ವಾ?’ ಎಂದು ಕೇಳಲೂ ಬೇಡಿ. ಅರ್ಥವಾಗದಿದ್ದರೆ ಪಕ್ಕದವನು ಬಿಡುವಿನಲ್ಲಿ ಹೇಳಿಕೊಡುತ್ತಾನೆ. ಅದೇ ಒಳ್ಳೆಯದು.

ಓದನ್ನು ಶಿಕ್ಷೆಯಾಗಿ ಕೊಡಬೇಡಿ. ‘ಗಲಾಟೆ ಮಾಡಿದ್ದೀರಿ, ಪಿ.ಟಿ. ಪೀರಿಯಡ್ ಇಲ್ಲ, ಲೈಬ್ರರಿಯಲ್ಲಿ ಕೂತು ಓದಿ’ ಎಂಬ ಒಂದು ಆಜ್ಞೆ ಸಾಕು, ಒಂದು ತಿಂಗಳ ಕೆಲಸ ನೀರಲ್ಲಿ ಹೋಮ. ಲಂಚವೂ ಬೇಡ. ‘ಒಂದು ಕಥೆ ಓದು, ಹತ್ತು ನಿಮಿಷ ಮೊಬೈಲ್ ಕೊಡ್ತೀನಿ’ ಎಂದು ಹೇಳುವ ಮನೆಯಲ್ಲಿ ಮೊಬೈಲ್ ಹಬ್ಬವಾಗುತ್ತದೆ, ಕಥೆ ಹಬ್ಬದ ಮುಂಚಿನ ಉಪವಾಸವಾಗುತ್ತದೆ.

ಅಕ್ಕ ತಂಗಿಯರ ಜೊತೆ ಹೋಲಿಸಬೇಡಿ. ‘ನಿನ್ನ ತಂಗಿ ನೋಡು, ಎಷ್ಟು ಓದ್ತಾಳೆ’ ಎಂಬ ಮಾತಿನಿಂದ ಯಾವ ಹುಡುಗನೂ ಓದಿಗೆ ಕೂತಿದ್ದಿಲ್ಲ. ಓದು ಹುಡುಗಿಯರ ಕೆಲಸ ಎಂಬ ಅವನ ತಲೆಯೊಳಗಿನ ಸಂಶಯಕ್ಕೆ ನೀವೇ ಮುದ್ರೆ ಒತ್ತಿದ ಹಾಗಾಗುತ್ತದೆ. ಹಾಗೆಯೇ, ಹುಡುಗರಿಗೆಂದು ನಗೆಗತೆ ತಂದಿದ್ದೇವೆ ಎನ್ನುತ್ತ ಹುಡುಗಿಯರನ್ನು ಹೊರಗಿಡಬೇಡಿ. ಈ ನಗುವಿನಲ್ಲಿ ಅವರಿಗೂ ಪೂರ್ತಿ ಪಾಲಿದೆ. ಗಂಡುಮಕ್ಕಳ ಪುಸ್ತಕ, ಹೆಣ್ಣುಮಕ್ಕಳ ಪುಸ್ತಕ ಎಂದು ಕಪಾಟು ಭಾಗ ಮಾಡಿದರೆ ಹಳೆಯ ಗೋಡೆಯ ಪಕ್ಕದಲ್ಲೇ ಹೊಸದೊಂದು ಏಳುತ್ತದೆ.

ಕಾಮಿಕ್ಸು, ವ್ಯಂಗ್ಯಚಿತ್ರ, ನಗೆಹನಿ ಓದುವುದು ಓದಲ್ಲ ಎನ್ನಬೇಡಿ. ಇಂದಿನ ಎಷ್ಟೋ ಅಪ್ಪಂದಿರು ಕನ್ನಡ ಅಕ್ಷರದ ಮೇಲೆ ಪ್ರೀತಿ ಬೆಳೆಸಿಕೊಂಡದ್ದು ಚಂದಮಾಮ, ಬಾಲಮಿತ್ರಗಳಿಂದ, ಬಾಲಮಂಗಳದ ಡಿಂಗನಿಂದ. ಅದೇ ಅಪ್ಪ ಈಗ ಮಗನ ಕೈಯಿಂದ ಚಿತ್ರಕಥೆ ಕಿತ್ತು ಸಾಮಾನ್ಯ ಜ್ಞಾನದ ಪುಸ್ತಕ ಇಡುವುದು ಅನ್ಯಾಯ.

ಇನ್ನೊಂದು ಬೇಡವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಯಾರನ್ನೋ ಹೀಯಾಳಿಸಿ ನಗಿಸುವ ಕಥೆ ತರಬೇಡಿ. ನಮ್ಮ ಹಳೆಯ ನಗೆಗತೆಗಳಲ್ಲಿ ಕಿವುಡ, ಮೆಳ್ಳಗಣ್ಣ, ತೊದಲ, ಕಪ್ಪು ಹೆಂಗಸು, ಜಗಳಗಂಟಿ ಹೆಂಡತಿ, ಯಾವುದೋ ಜಾತಿಯ ಜಿಪುಣ, ಇಂಥವರು ಧಾರಾಳವಾಗಿ ಸಿಗುತ್ತಾರೆ. ಓದುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಕಥೆ ಯಾರನ್ನು ನೋಡಿ ನಗುತ್ತದೆಯೋ ಅಂಥ ಮಗು, ಅಥವಾ ಅಂಥವರ ಮಗು, ನನ್ನೆದುರು ಕೂತಿದ್ದರೆ? ಕೂತೇ ಇರುತ್ತದೆ. ಎಲ್ಲರೂ ನೆನೆಯುವ ಬೀchiಯವರ ತಿಂಮನ ನಗೆಮಾತುಗಳೂ ದೊಡ್ಡವರಿಗೆಂದು ಬರೆದವು. ಕೆಲವು ಹುಡುಗರಿಗೂ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಪುಸ್ತಕ ಇಡಿಯಾಗಿ ಕೊಡದೆ ಆರಿಸಿ ಕೊಡಿ. ಬಲಶಾಲಿಯನ್ನು ಜಾಣ ಬಡವ ಏಮಾರಿಸುವ ಕಥೆ, ತಾನೇ ತೋಡಿದ ಹಳ್ಳಕ್ಕೆ ಬೀಳುವ ಜಂಭಗಾರನ ಕಥೆ, ನದಿ ದಾಟಿದ ಮೇಲೆ ತಲೆ ಎಣಿಸುತ್ತ ತಮ್ಮನ್ನೇ ಎಣಿಸಲು ಮರೆಯುವ ಪೆದ್ದ ಶಿಷ್ಯರ ಕಥೆ, ಇವುಗಳಲ್ಲಿ ಯಾರಿಗೂ ಗಾಯವಾಗುವುದಿಲ್ಲ. ಹುಡುಗರು ಇವಕ್ಕೇ ಹೆಚ್ಚು ನಗುತ್ತಾರೆ.

ಮಾಡಬೇಕಾದ್ದು

ಮೊದಲು ನೀವು ಓದಿ. ಮನೆಯಲ್ಲಿ, ಗಟ್ಟಿಯಾಗಿ. ನಿಮಗೆ ನಗು ಬರದಿದ್ದರೆ ಆ ಕಥೆ ಬಿಡಿ. ಹತ್ತು ನಿಮಿಷದೊಳಗೆ ಓದಿ ಮುಗಿಯುವಂಥದ್ದೇ ಇರಲಿ. ಓದಲೊಲ್ಲದ ಹುಡುಗರಲ್ಲಿ ಎಷ್ಟೋ ಮಂದಿ ಪಠ್ಯದ ಆಚೆಗೆ ಏನನ್ನೂ ಕೊನೆಯ ಸಾಲಿನವರೆಗೆ ಓದಿರುವುದಿಲ್ಲ. ‘ಮುಗಿಸಿದೆ’ ಎಂಬ ಮಾತು ಅವರ ಬಾಯಿಗೆ ಬರಬೇಕು.

ಕೇಳಿಸುವ ಕಥೆ ಬೇರೆ, ಕೈಗೆ ಕೊಡುವ ಕಥೆ ಬೇರೆ ಎಂದು ವಿಂಗಡಿಸಿ. ಕನ್ನಡದಲ್ಲಿ ಇದು ತುಂಬ ಮುಖ್ಯ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಪುಸ್ತಕದ ‘ಅಜ್ಜಯ್ಯನ ಅಭ್ಯಂಜನ’, ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಹುಡುಗರನ್ನು ಈಗಲೂ ನಗಿಸಬಲ್ಲವು. ಆದರೆ ಆ ಉದ್ದ ವಾಕ್ಯ, ಒತ್ತಕ್ಷರಗಳ ದಟ್ಟಣೆ, ಬಳಕೆ ತಪ್ಪಿದ ಪದಗಳು ಆರನೇ ತರಗತಿಯ ಹಿಂಜರಿಯುವ ಹುಡುಗನಿಗೆ ಮುಳ್ಳುಬೇಲಿ. ಅವನ್ನು ನೀವು ಓದಿ ಹೇಳಿ. ಕೈಗೆ ಕೊಡುವಾಗ ಚಿಕ್ಕ ವಾಕ್ಯ, ದೊಡ್ಡ ಅಕ್ಷರ, ಪುಟಕ್ಕೊಂದು ಚಿತ್ರ ಇರುವುದನ್ನೇ ಕೊಡಿ. ಇಲ್ಲಿ ಪಂಜೆ ಮಂಗೇಶರಾಯರನ್ನು ಮರೆಯುವಂತಿಲ್ಲ. ‘ಹೇನು ಸತ್ತು ಕಾಗೆ ಬಡವಾಯಿತು’, ‘ಸಿಗಡಿ ಯಾಕೆ ಒಣಗಲಿಲ್ಲ’: ಹೆಸರು ಹೇಳಿದರೇ ಮಕ್ಕಳು ಕಿಸಕ್ಕೆನ್ನುತ್ತಾರೆ. ಇವು ಸರಪಳಿ ಕಥೆಗಳು, ಒಂದಕ್ಕೊಂದು ಕೊಂಡಿ ಕೂಡುತ್ತ, ಹಿಂದಿನ ಮಾತೇ ಮತ್ತೆ ಬರುತ್ತ ಬೆಳೆಯುತ್ತವೆ. ಒಂದು ಸಾಲು ಕಷ್ಟಪಟ್ಟು ಓದಿದವನಿಗೆ ಮುಂದಿನ ಸಾಲಿನ ಅರ್ಧ ಆಗಲೇ ಬಂದಿರುತ್ತದೆ. ನಿಧಾನ ಓದುವವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ದುಡ್ಡಿಲ್ಲ ಎನ್ನುವ ಶಾಲೆಗೂ ದಾರಿ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ ಇಟ್ಟಿದ್ದಾರೆ. ಬಿಟ್ಟಿಯಾಗಿ ಇಳಿಸಿಕೊಂಡು ಮುದ್ರಿಸಬಹುದು. ಎಂಟನೇ ತರಗತಿಯವನಿಗೆ ಎರಡನೇ ಮಟ್ಟದ ಪುಸ್ತಕ ಕೊಡುವಾಗ ರಟ್ಟಿನ ಮೇಲಿನ ಮಟ್ಟದ ಗುರುತನ್ನು ಕಾಗದ ಅಂಟಿಸಿ ಮುಚ್ಚಿ. ಅವನ ಮಾನ ಕಾಯುವುದು ನಿಮ್ಮ ಜವಾಬ್ದಾರಿ.

ತಿರುವಿಗೆ ಒಂದು ಹೆಜ್ಜೆ ಮೊದಲು ನಿಲ್ಲಿಸಿ. ಬೆಕ್ಕನ್ನು ಆಸ್ಥಾನಕ್ಕೆ ತಂದರು, ಹಾಲಿನ ಬಟ್ಟಲು ಮುಂದಿಟ್ಟರು, ಬೆಕ್ಕು ಬಟ್ಟಲು ನೋಡಿತು. ಅಷ್ಟಕ್ಕೆ ಪುಸ್ತಕ ಮಡಚಿ ಮೇಜಿನ ಮೇಲಿಟ್ಟು ಹೊರಗೆ ಹೋಗಿ. ‘ಆಮೇಲೆ ಏನಾಯ್ತು ಸಾರ್?’ ಎಂದು ಕೂಗಿದರೆ ‘ಅಲ್ಲೇ ಇದೆ’ ಎನ್ನಿ. ಪುಟದ ಗುರುತು ಇಡಲು ಮಾತ್ರ ಮರೆಯಬೇಡಿ, ಕೊನೆಯ ಬೆಂಚಿನವನಿಗೆ ಪುಟ ಹುಡುಕುವ ತಾಳ್ಮೆ ಇನ್ನೂ ಬಂದಿಲ್ಲ. ಮೇಜಿನ ಸುತ್ತ ಐದಾರು ತಲೆ ಸೇರಿ ಒಬ್ಬ ಓದಿ ಉಳಿದವರು ಕೇಳಿದರೂ ಅದು ಓದೇ.

ಹೊತ್ತು ಗೊತ್ತು ಮಾಡಿ. ಬಿಸಿಯೂಟ ಮುಗಿದ ಮೇಲಿನ ಹದಿನೈದು ನಿಮಿಷ ಇದಕ್ಕೆ ಬಹಳ ಒಳ್ಳೆಯದು. ದಿನವೂ ನಡೆಯಲಿ. ಶನಿವಾರಕ್ಕೊಮ್ಮೆ ಒಂದು ಗಂಟೆ ಓದಿಸುವುದರಿಂದ ಅಭ್ಯಾಸ ಹುಟ್ಟುವುದಿಲ್ಲ.

ಗಂಡಸರು ಓದುವುದನ್ನು ಹುಡುಗರಿಗೆ ತೋರಿಸಿ. ಪುಸ್ತಕ ಹಿಡಿದ ಮೇಡಂ, ಪುಸ್ತಕ ಹಿಡಿದ ಅಕ್ಕ ಅವರಿಗೆ ದಿನವೂ ಕಾಣುತ್ತಾರೆ. ಪುಸ್ತಕ ಹಿಡಿದು ಹೊಟ್ಟೆ ಹಿಡಿದುಕೊಂಡು ನಗುವ ಅಪ್ಪ, ಮಾವ, ಪಿ.ಟಿ. ಮೇಷ್ಟ್ರು ಕಾಣುವುದು ಅಪರೂಪ. ಕಬಡ್ಡಿ ಕಲಿಸುವ ಮೇಷ್ಟ್ರು ಅಂಗಳದಲ್ಲೇ ಸೀಟಿ ಕೊರಳಲ್ಲಿ ಇರುವಾಗಲೇ ಒಂದು ನಸ್ರುದ್ದೀನ್ ಕಥೆ ಓದಿ ಹೇಳಲಿ. ವಾರಕ್ಕೊಮ್ಮೆ ಊರಿನ ಒಬ್ಬರನ್ನು ಕರೆಯಿರಿ: ಯಕ್ಷಗಾನದ ಹಾಸ್ಯಗಾರ, ಬಸ್ ಕಂಡಕ್ಟರು, ಕಾಲೇಜಿಗೆ ಹೋಗುವ ಅಣ್ಣ. ಅಪ್ಪಂದಿರಿಗೆ ಒಂದೇ ಬೇಡಿಕೆ. ಬೆಳಿಗ್ಗೆ ಪತ್ರಿಕೆಯ ವ್ಯಂಗ್ಯಚಿತ್ರ ನೋಡಿ ನಕ್ಕಾಗ ಮಗನನ್ನು ಕರೆದು ತೋರಿಸಿ.

ಅವನ ಆಡುಮಾತಿಗೆ ಜಾಗ ಕೊಡಿ. ಧಾರವಾಡದ, ಕಲಬುರಗಿಯ, ಕುಂದಾಪುರದ, ಮಂಡ್ಯದ ಹುಡುಗ ತನ್ನ ಮನೆಯ ಮಾತಿನಲ್ಲಿ ಕಥೆ ತಿರುಗಿಸಿ ಹೇಳಿದರೆ ತಿದ್ದಬೇಡಿ. ಹಾಸ್ಯಕ್ಕೆ ಜೀವ ಬರುವುದು ಅಲ್ಲೇ. ಗ್ರಂಥಭಾಷೆಗೆ ಬೇರೆ ಪೀರಿಯಡ್ಡುಗಳಿವೆ.

ಅವರ ಕೈಯಲ್ಲೇ ಬರೆಸಿ, ಚಿತ್ರ ಹಾಕಿಸಿ. ಸೈಕಲ್ಲಿನಿಂದ ಗದ್ದೆಗೆ ಬಿದ್ದದ್ದು, ಮೇಕೆ ಹೋಂವರ್ಕ್ ತಿಂದದ್ದು, ಎಲ್ಲವೂ ಕೈಬರಹದ ಪತ್ರಿಕೆಗೆ ಸರಕು. ತನ್ನ ಗೆಳೆಯ ಬರೆದದ್ದನ್ನು ಓದದ ಹುಡುಗನಿಲ್ಲ. ಕನ್ನಡದ ದೊಡ್ಡ ನಗೆಪತ್ರಿಕೆ ‘ಕೊರವಂಜಿ’ಯನ್ನು 1942ರಲ್ಲಿ ಶುರು ಮಾಡಿದವರು ವೃತ್ತಿಯಿಂದ ವೈದ್ಯರಾಗಿದ್ದ ರಾಶಿ, ಅಂದರೆ ಡಾ. ಎಂ. ಶಿವರಾಂ. ಮೈಸೂರಿನಲ್ಲಿ ಆಗ ವಿದ್ಯಾರ್ಥಿಯಾಗಿದ್ದ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಪಾಠದ ನಡುವೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮೇಷ್ಟ್ರ ಮೂಗು ಬರೆಯುವ ಹುಡುಗನನ್ನು ಪತ್ರಿಕೆಯ ಚಿತ್ರಕಾರನನ್ನಾಗಿ ಮಾಡಿ. ಗೋಡೆಗೆ ಅಂಟಿಸಿದ ಪತ್ರಿಕೆಯ ಮೇಲೆ ಕೆಂಪು ಶಾಯಿ ಬೀಳಕೂಡದು.

ಪರದೆಯನ್ನು ಶತ್ರು ಮಾಡಿಕೊಳ್ಳಬೇಡಿ, ಬಳಸಿಕೊಳ್ಳಿ. ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಬಂದದ್ದು. ಶಾಲೆಗೆ ಹೋಗಲೊಲ್ಲದ ಹುಡುಗನ ಕಥೆ ಅದು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಸ್ವಾಮಿಯಾದವನು ಮಾಸ್ಟರ್ ಮಂಜುನಾಥ್. ಒಂದು ಕಂತು ತೋರಿಸಿ, ಪುಸ್ತಕದ ಕನ್ನಡ ಅನುವಾದದಿಂದ ಆ ಭಾಗದ ಅಧ್ಯಾಯ ಓದಿ ಹೇಳಿ. ಮುಖ ಪರಿಚಯವಾದ ಮೇಲೆ ಪುಟ ಪರಕೀಯ ಅನ್ನಿಸುವುದಿಲ್ಲ.

ಕೇಳಿ ಬಂದವನಿಗೆ ಮಾತ್ರ ಮುಂದಿನ ಪುಸ್ತಕ ಕೊಡಿ. ‘ಇಂಥದ್ದೇ ಇನ್ನೊಂದು ಇದೆಯಾ?’ ಎಂದು ಏಳೆಂಟನೇ ತರಗತಿಯವನು ಕೇಳಿದರೆ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಕೊಡಿ. ಕಾಡು, ಮೀನು, ಹಕ್ಕಿ, ಕಿವಿ ಎಂಬ ನಾಯಿ, ಬೇಟೆಯ ಫಜೀತಿಗಳು: ಹುಡುಗರ ಪ್ರಪಂಚವೆಲ್ಲ ಅದರಲ್ಲಿದೆ. ಬಿಡಿ ಬಿಡಿ ಕಥೆಗಳಾದ್ದರಿಂದ ಎಲ್ಲಿಂದ ಬೇಕಾದರೂ ಹಿಡಿಯಬಹುದು. ಅಲ್ಲಿಂದ ಅವರದೇ ಕಾದಂಬರಿ ‘ಕರ್ವಾಲೊ’ಗೆ ತಾವಾಗಿಯೇ ಹೋದವರಿದ್ದಾರೆ. ಹೋಗದೆ ತೆನಾಲಿ ರಾಮಕೃಷ್ಣನನ್ನೇ ಮತ್ತೆ ಮತ್ತೆ ಓದುತ್ತ ಕೂತವನನ್ನು ‘ಇನ್ನೂ ಅದೇನಾ?’ ಎಂದು ಛೇಡಿಸಬೇಡಿ. ಒಂದೇ ಕಥೆಯನ್ನು ನಾಲ್ಕು ಸಲ ಓದಿದವನ ಓದು ವೇಗವಾಗುತ್ತಿರುತ್ತದೆ, ಅದು ಅವನಿಗೂ ಗೊತ್ತಿರುತ್ತದೆ.

ಹೊರನಾಡು, ಹೊರದೇಶದ ಕನ್ನಡ ಮನೆಗಳಿಗೆ ಒಂದು ಮಾತು. ದುಬೈಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಬೆಳೆಯುವ ಹುಡುಗನಿಗೆ ಕನ್ನಡ ಕಿವಿಯಲ್ಲಿದೆ, ಕಣ್ಣಿಗೆ ಇನ್ನೂ ಇಳಿದಿಲ್ಲ. ಅವನಿಗೆ ಪೂರ್ತಿ ಕಥೆ ನೀವು ಓದಿ. ಎಲ್ಲರೂ ನಗುವ ಆ ಒಂದು ಸಾಲನ್ನು ಮಾತ್ರ ಬೆರಳಿಟ್ಟು ಅವನು ಓದಲಿ. ಊರಿನ ಅಜ್ಜನಿಗೆ ವಿಡಿಯೊ ಕರೆ ಮಾಡಿ ಆ ಸಾಲು ಓದಿ ಹೇಳಲಿ.

ಓದದಿರಲು ಬೇರೆ ಕಾರಣ ಇದೆಯೇ ಎಂದು ನೋಡಿ. ಇದನ್ನು ಬಿಡುವಂತಿಲ್ಲ. ಪುಸ್ತಕವನ್ನು ಮೂಗಿಗೆ ಹತ್ತಿರ ತರುವವನ ಕಣ್ಣು ಪರೀಕ್ಷೆ ಮಾಡಿಸಿ. ಕಥೆ ಕೇಳುವಾಗ ಎಲ್ಲರಿಗಿಂತ ಮೊದಲು ನಗುವ ಹುಡುಗ ಅದೇ ಕಥೆ ಕೈಗೆ ಬಂದಾಗ ಮಂಕಾದರೆ ಅವನಿಗೆ ಬುದ್ಧಿ ಕಡಿಮೆ ಅಲ್ಲ, ಅಕ್ಷರ ಜೋಡಣೆ ಕೈಕೊಡುತ್ತಿದೆ. ಗುಣಿತಾಕ್ಷರ, ಒತ್ತಕ್ಷರಗಳನ್ನು ಬೇರೆ ಹೊತ್ತಿನಲ್ಲಿ, ಬೇರೆಯವರ ಕಣ್ಣಿಗೆ ಬೀಳದಂತೆ ಕೂರಿಸಿಕೊಂಡು ಕಲಿಸಿ. ಆಗಲೂ ಸಾಗದಿದ್ದರೆ ಕಲಿಕೆಯ ತೊಡಕು ಬಲ್ಲ ತಜ್ಞರ ಬಳಿ ಕಳಿಸಿ. ನಗೆಗತೆ ಇದಕ್ಕೆಲ್ಲ ಮದ್ದಲ್ಲ. ಆದರೆ ತೊಂದರೆ ಎಲ್ಲಿದೆ ಎಂದು ಇಷ್ಟು ಸ್ಪಷ್ಟವಾಗಿ ತೋರಿಸುವ ಸಾಧನ ನನಗೆ ಬೇರೆ ಕಂಡಿಲ್ಲ.

ಕೊನೆಯದಾಗಿ ಬೀರುವಿನ ಬೀಗ. ದಾಸ್ತಾನು ಪುಸ್ತಕದಲ್ಲಿ ಒಂದು ಪ್ರತಿ ಕಡಿಮೆಯಾದರೆ ಉತ್ತರ ಹೇಳಬೇಕಾದೀತು ಎಂಬ ಭಯಕ್ಕೆ ಎಷ್ಟೋ ಶಾಲೆಗಳಲ್ಲಿ ಪುಸ್ತಕಗಳು ಬೀಗದೊಳಗೇ ಹಳತಾಗುತ್ತಿವೆ. ಮುಖ್ಯೋಪಾಧ್ಯಾಯರು ಕೀಲಿಯನ್ನು ತರಗತಿಗೆ ಕೊಡಬೇಕು. ಯಾರು ಯಾವ ಪುಸ್ತಕ ಒಯ್ದರು ಎಂದು ಬರೆದಿಡುವ ಕೆಲಸವನ್ನು ಓದಲೊಲ್ಲದ ಹುಡುಗರಿಗೇ ವಹಿಸಿ. ಹೆಸರು ಬರೆಯುತ್ತ ಬರೆಯುತ್ತ ಅವರು ರಟ್ಟು ತೆರೆದು ನೋಡುತ್ತಾರೆ. ಹರಿದ ಪುಟ ಅಂಟಿಸಲು ಗೋಂದು, ಕತ್ತರಿ ಅಲ್ಲೇ ಇರಲಿ. ಶಾಲೆಯ ಪುಸ್ತಕ ಮುಗಿದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಗ್ರಂಥಾಲಯ ನೋಡಿಕೊಳ್ಳುವವರು ನಗೆಗತೆಗಳನ್ನು ಬಾಗಿಲಿಗೆ ಹತ್ತಿರದ, ಹುಡುಗರ ಕೈಗೆಟುಕುವ ಕಪಾಟಿನಲ್ಲಿ ಮುಖಪುಟ ಕಾಣುವಂತೆ ಇಡಬೇಕು. ಹುಡುಗರು ಅಲ್ಲಿ ಗಟ್ಟಿಯಾಗಿ ನಕ್ಕರೆ ಗದರಿಸಬಾರದು.